ಮುಖ ನೋಡುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ನಿಮ್ಮ ಮನೆಗೆ ಬರಬೇಕೆಂಬ ಆಸೆ ನಿಮಗಿದ್ದರೆ ಅದಕ್ಕೆ ಒಂದೇ ದಾರಿ. ನೀವು ಸಾಯಬೇಕು!

ಉತ್ಪ್ರೇಕ್ಷೆ ಎಂದು ತಳ್ಳಿಹಾಕಬೇಡಿ. ಕುವೈತಿನಲ್ಲಿ ನಮ್ಮ ಮಂಗಳೂರು ಕಡೆಯವರ ಮದುವೆ ಪಾರ್ಟಿಗಳಿಗೆ ಬರವೇ? ಚಿಕ್ಕಮ್ಮ ಮಾತ್ರ ಅಲ್ಲಿ ಕಾಣಿಸುವುದಿಲ್ಲ. ಅಪ್ಪಿತಪ್ಪಿ ಬಂದರೂ ಕೇಕ್ ಕತ್ತರಿಸುವ ಮೊದಲೇ ಎದ್ದು ಹೊರಟಿರುತ್ತಾರೆ. ನನ್ನ ಮಗಳ ದೀಕ್ಷಾಸ್ನಾನದ ಊಟಕ್ಕೆ ಕರೆದಾಗ "ಮಗು ಎಲ್ಲಿಗೆ ಹೋಗ್ತದೆ, ಇಲ್ಲೇ ಇರ್ತದಲ್ಲ, ನಿಧಾನ ಬಂದು ನೋಡ್ತೇನೆ" ಅಂದವರು, ಮಗು ಯೂನಿಫಾರ್ಮ್ ತೊಟ್ಟು ಶಾಲೆಗೆ ಹೋಗತೊಡಗಿದ ಮೇಲೆ ಬಂದರು. ಆದರೆ ಮೈದಾನ್ ಹವಲ್ಲಿಯಿಂದ ಹಿಡಿದು ಫಹಾಹೀಲ್ ತನಕ ಯಾವ ಮೂಲೆಯಲ್ಲಾದರೂ ನಮ್ಮವರೊಬ್ಬರು ಕಣ್ಣು ಮುಚ್ಚಲಿ, ಪಾದ್ರಿಗಳಿಗಿಂತ ಮುಂಚೆ ಚಿಕ್ಕಮ್ಮ ಹಾಜರು.

ಹಿಂದೊಮ್ಮೆ, ಚಿಕ್ಕಪ್ಪ ಇದ್ದ ಕಾಲದಲ್ಲಿ, ನನಗೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದೆ. ಒಂದು ಸಂಜೆ ಕಿತ್ತಳೆ ಹಣ್ಣಿನ ಚೀಲ ಹಿಡಿದು ಚಿಕ್ಕಮ್ಮ ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರು. ನನ್ನ ಹೆಂಡತಿಯ ಮುಖ ನನ್ನ ಮುಖಕ್ಕಿಂತ ಹಳದಿಯಾಯಿತು. "ಡಾಕ್ಟರು ನಮ್ಮಿಂದ ಏನಾದ್ರೂ ಮುಚ್ಚಿಟ್ಟಿದ್ದಾರಾ?" ಎಂದು ನನ್ನ ಕಿವಿಯಲ್ಲಿ ಉಸುರಿದಳು. ಚಿಕ್ಕಮ್ಮ ಹತ್ತಿರ ಬಗ್ಗಿ ನನ್ನ ಮುಖವನ್ನು ಚೆನ್ನಾಗಿ ಪರೀಕ್ಷಿಸಿ, "ಇವ ಈಗ ಹೋಗುವವ ಅಲ್ಲ" ಎಂದು ತೀರ್ಪು ಕೊಟ್ಟು ಎದ್ದರು. ಹೋಗುವಾಗ ಕಿತ್ತಳೆಯ ಚೀಲವನ್ನೂ ತೆಗೆದುಕೊಂಡು ಹೋದರೆಂದು ನನ್ನ ಹೆಂಡತಿ ಇಂದಿಗೂ ಆಣೆ ಹಾಕಿ ಹೇಳುತ್ತಾಳೆ.

ಚಿಕ್ಕಮ್ಮ ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ನಮ್ಮ ಮನೆಮಾತು ಕೊಂಕಣಿ. ಅವರ ಮಾತುಗಳನ್ನು ಇಲ್ಲಿ ನಿಮಗಾಗಿ ಮಂಗಳೂರು ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಖಾರ ಅರ್ಧ ಚೆಲ್ಲಿಹೋಗಿದೆ, ಕ್ಷಮಿಸಿ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗ ಮಾರುವ ಒಂದು ಕಂಪೆನಿಯ ಅಕೌಂಟ್ಸ್ ವಿಭಾಗದಲ್ಲಿ ಅವರ ಕೆಲಸ. ಬದುಕಿನಲ್ಲಿ ಆಸಕ್ತಿ ಮಾತ್ರ ಒಂದೇ, ಅದು ಮುಖ ನೋಡುವುದು.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ 'ಮುಖ ನೋಡಲಿಕ್ಕೆ ಹೋಗುವುದು' ಎಂದೇ ಹೇಳುತ್ತಾರೆ. ಪ್ರಾರ್ಥನೆ, ಮಣ್ಣು ಎಲ್ಲ ಆಮೇಲಿನ ಮಾತು. ದುಬೈಯಿಂದ ಮಗ ಬರಬೇಕೇ? ಬರಲಿ, ಅವನು ಮುಖ ನೋಡದೆ ಪೆಟ್ಟಿಗೆ ಮುಚ್ಚುವ ಹಾಗಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರೂ ಬಂದು ಒಂದು ಸಲ ಮುಖ ನೋಡಿ ಹೋಗುತ್ತಾರೆ. ಮುಖ ನೋಡಲು ಸಿಗಲಿಲ್ಲ ಎನ್ನುವುದು ನಮ್ಮಲ್ಲಿ ಸಾವಿಗಿಂತ ದೊಡ್ಡ ದುಃಖ.

ಕುವೈತಿನಲ್ಲಿ ತೀರಿಕೊಂಡ ನಮ್ಮವರನ್ನು ಕೆಡದಂತೆ ಮದ್ದು ಹಾಕಿ, ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಊರಿಗೆ ಕಳಿಸುವುದು ರೂಢಿ. ಪೆಟ್ಟಿಗೆ ಮುಚ್ಚುವ ಮುಂಚೆ ಶವಾಗಾರದಲ್ಲಿ ಇಲ್ಲಿನವರಿಗೆ ಸ್ವಲ್ಪ ಹೊತ್ತು ನೋಡಲು ಬಿಡುತ್ತಾರೆ. ಆ ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಆಫೀಸಿನ ಕಂಪ್ಯೂಟರನ್ನು ತೆರೆದಿಟ್ಟೇ ಟ್ಯಾಕ್ಸಿ ಹತ್ತುತ್ತಾರೆ. ಸುಮ್ಮನೆ ನೋಡಿ ಬರುವ ಜಾತಿಯೂ ಅಲ್ಲ. ಒಮ್ಮೆ ಒಬ್ಬ ಎಲೆಕ್ಟ್ರಿಷಿಯನ್‌ಗೆ ಗೆಳೆಯರು ಪ್ರೀತಿಯಿಂದ ಸೂಟು, ಟೈ ತೊಡಿಸಿದ್ದರು. ಚಿಕ್ಕಮ್ಮ ಒಳಗೆ ಹೋದವರೇ, "ಈ ಟೈ ಯಾರು ಕಟ್ಟಿದ್ದು? ಇವ ಮದುವೆಗೂ ಟೈ ಕಟ್ಟಿದವ ಅಲ್ಲ. ಪೆಟ್ಟಿಗೆ ತೆಗೆದು ನೋಡಿ ಇವನ ಅಮ್ಮ, ಇದು ಬೇರೆ ಯಾರದ್ದೋ ಬಂದಿದೆ, ವಾಪಸ್ ಕಳಿಸಿ ಅಂತ ಹೇಳಿಯಾಳು" ಎಂದರು. ಟೈ ಬಿಚ್ಚಿಸಿ, ಮೇಲಿನ ಗುಂಡಿ ತೆಗೆಸಿ, ಕೂದಲನ್ನು ಅವನು ಬಾಚುತ್ತಿದ್ದ ಕಡೆಗೇ ಬಾಚಿಸಿದ ಮೇಲೆಯೇ ಪೆಟ್ಟಿಗೆ ಮುಚ್ಚಿದ್ದು.

ಆಮೇಲೆ ಊರಿಗೆ ಫೋನು. "ಮುಖ ಚೆಂದ ಉಂಟು. ನಿದ್ದೆ ಮಾಡಿದ ಹಾಗೆ ಉಂಟು. ಹೆದರಬೇಡಿ, ಪೆಟ್ಟಿಗೆ ತೆಗೆದು ನೋಡಿ." ಅಲ್ಲಿ ತಾಯಿ, ಹೆಂಡತಿ ಅಳು ನಿಲ್ಲಿಸಿ ಈ ಒಂದು ಮಾತಿಗಾಗಿ ಕಾಯುತ್ತಿರುತ್ತಾರೆ. ಸತ್ತ ಯಾರ ಮುಖವನ್ನೂ ಚೆಂದವಿಲ್ಲ ಎಂದು ಚಿಕ್ಕಮ್ಮ ಹೇಳಿದ್ದನ್ನು ನಾನು ಕೇಳಿಲ್ಲ. ಬದುಕಿದ್ದಾಗ ಅದೇ ಮುಖಗಳಿಗೆ ಅವರು ಇಟ್ಟಿದ್ದ ಅಡ್ಡಹೆಸರುಗಳನ್ನು ನಾನಿಲ್ಲಿ ಬರೆಯುವಂತಿಲ್ಲ!

ಈ ಉತ್ಸಾಹದಲ್ಲಿ ಎಡವಟ್ಟುಗಳೂ ಆಗುತ್ತಿದ್ದವು. ಒಂದು ಸಲ ಹೊತ್ತು ತಪ್ಪಿ ಹೋಗಿ, ಯಾರೋ ಉತ್ತರ ಭಾರತದ ಟ್ರಕ್ ಡ್ರೈವರನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ನಮ್ಮವರದ್ದು ಅವನ ನಂತರ ಇತ್ತು. ಬೇರೆಯವರಾಗಿದ್ದರೆ ನಾಲಗೆ ಕಚ್ಚಿಕೊಂಡು ಹೊರಗೆ ಬರುತ್ತಿದ್ದರು. ಚಿಕ್ಕಮ್ಮನೋ, ಬಂದದ್ದು ಬಂದಾಯಿತು ಎಂದು ಅಲ್ಲೇ ನಿಂತು ಅವನ ಮುಖ ನೋಡಿ, ಕಣ್ಣೊರೆಸಿಕೊಂಡು, ಹೊದಿಕೆಯ ಅಂಚು ಸರಿಮಾಡಿದರು. ಅವನ ಗೆಳೆಯರು ಮುಖಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹಿರಿಯ ಮೆಲ್ಲನೆ ಪಕ್ಕಕ್ಕೆ ಬಂದು, "ಭಾಭೀಜಿ, ನೀವು ಚಿಂತೆ ಮಾಡಬೇಡಿ. ಊರಿನಲ್ಲಿ ಅವನ ಹೆಂಡತಿಗೆ ನಾವು ಏನೂ ಹೇಳುವುದಿಲ್ಲ" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದ! ಚಿಕ್ಕಪ್ಪ ಈ ಕತೆ ಕೇಳಿ ಉಸಿರುಗಟ್ಟುವಷ್ಟು ನಕ್ಕಿದ್ದರು. "ಇವಳು ಒಂದು ದಿನ ನನ್ನ ಮುಖವನ್ನೂ ಹೀಗೆಯೇ ನೋಡಿ, ಮೀಸೆ ಸರಿ ಇಲ್ಲ ಅಂತ ಎಬ್ಬಿಸ್ತಾಳೆ ನೋಡು" ಎಂದು ನನ್ನ ಬೆನ್ನಿಗೆ ಗುದ್ದಿದ್ದರು.

ಹಾಗೆ ಆಗಲಿಲ್ಲ. ಕೊರೊನಾ ಬಂದು ಅವರ ಮನೆಯಿದ್ದ ಮೈದಾನ್ ಹವಲ್ಲಿಯನ್ನು ಸುತ್ತಲೂ ಬೇಲಿ ಹಾಕಿ ಮುಚ್ಚಿದ್ದರಲ್ಲ, ಆಗ ಚಿಕ್ಕಪ್ಪನಿಗೆ ಜ್ವರ ಬಂತು. ಆಂಬುಲೆನ್ಸಿನಲ್ಲಿ ಒಬ್ಬರನ್ನೇ ಕರೆದುಕೊಂಡು ಹೋದರು. ಚಿಕ್ಕಮ್ಮನನ್ನು ಕಟ್ಟಡದಿಂದ ಇಳಿಯಲು ಬಿಡಲಿಲ್ಲ. ಮತ್ತೆ ಬಂದದ್ದು ಫೋನು ಮಾತ್ರ. ಆಗ ಊರಿಗೆ ವಿಮಾನವಿಲ್ಲ, ಶವಾಗಾರಕ್ಕೆ ಪ್ರವೇಶವಿಲ್ಲ, ಮಣ್ಣಿಗೂ ಯಾರೂ ಹೋಗುವಂತಿಲ್ಲ. ಇಲ್ಲೇ ಊರಾಚೆಯ ಸ್ಮಶಾನದಲ್ಲಿ ಯಾರೋ ಅವರನ್ನು ಮಣ್ಣು ಮಾಡಿದರು. ಇಡೀ ಕುವೈತಿನ ಸತ್ತವರ ಮುಖ ನೋಡಿದ ನಮ್ಮ ಚಿಕ್ಕಮ್ಮನಿಗೆ ಸ್ವಂತ ಗಂಡನ ಮುಖ ನೋಡಲು ಸಿಗಲಿಲ್ಲ.

ನಿರ್ಬಂಧ ಸಡಿಲವಾದ ಮೇಲೆ ನಾನೇ ಅವರನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಮರಳಿನ ದಿಬ್ಬ, ಅದರ ಮೇಲೊಂದು ಗುರುತಿನ ಕಲ್ಲು. ಚಿಕ್ಕಮ್ಮ ಅಳಲಿಲ್ಲ. ದಿಬ್ಬವನ್ನು ದಿಟ್ಟಿಸಿ ನೋಡುತ್ತಾ, "ಇದು ಅವರೇ ಹೌದಾ ಅಂತ ಯಾರು ನೋಡಿದ್ದಾರೆ?" ಎಂದು ಕೇಳಿದರು.

ಊರಿನಲ್ಲಿ ಚಿಕ್ಕಮ್ಮನ ತಂಗಿಯ ಮನೆಯ ಪಕ್ಕದಲ್ಲೇ ಅವರಿಗೊಂದು ಮನೆ ಕಟ್ಟಿ ಬೀಗ ಹಾಕಿ ಇಟ್ಟಿದೆ. ನಿವೃತ್ತಿಯ ವಯಸ್ಸೂ ದಾಟಿದೆ. "ಇನ್ನು ಹೊರಡಿ ಚಿಕ್ಕಮ್ಮ" ಎಂದರೆ, ಪ್ರತಿ ಸಲವೂ ಇಲ್ಲಿ ನೆಲೆಸುವ ಪರವಾನಗಿ 'ಇಕಾಮಾ'ವನ್ನು ನವೀಕರಿಸಿಕೊಂಡು ಬಂದು ನಿಲ್ಲುತ್ತಾರೆ. "ನೋಡದೆ ಹೇಗೆ ಹೋಗುವುದು?" ಎಂಬ ಒಂದೇ ಮಾತು. ಇನ್ನು ನೋಡಲಿಕ್ಕೆ ಏನಿದೆ ಎಂದು ಅವರಿಗೆ ಹೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗಿದೆ?

ಹೀಗಿರುವಾಗ ಕಳೆದ ವರ್ಷ ಒಂದು ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಇಗರ್ಜಿಯಲ್ಲಿ ಪೂಜೆ ಮುಗಿಸಿ ನಮ್ಮ ಮನೆಗೆ ಬಂದವರು, ಕುರ್ಚಿಯಲ್ಲಿ ಕೂತು, ಫ್ಯಾನಿಗೆ ಹೇಳುವವರಂತೆ ಮೇಲೆ ನೋಡಿಕೊಂಡು, "ನನ್ನನ್ನು ಇಟಲಿಗೆ ಕರ್ಕೊಂಡು ಹೋಗು" ಎಂದರು. ನನ್ನ ಹೆಂಡತಿ ಸಂತೋಷದಿಂದ ಅಡುಗೆಮನೆಯಿಂದ ಓಡಿಬಂದಳು. ರೋಮ್, ಪೋಪ್, ದೊಡ್ಡ ದೊಡ್ಡ ಇಗರ್ಜಿಗಳು! ಕಡೆಗೂ ಚಿಕ್ಕಮ್ಮನಿಗೆ ಬದುಕುವ ಮನಸ್ಸಾಯಿತಲ್ಲ!

"ರೋಮ್ ಎಂತದ್ದಕ್ಕೆ? ಪಲೆರ್ಮೊ ಅಂತ ಊರುಂಟು. ಅಲ್ಲಿ ಸನ್ಯಾಸಿಗಳ ಮಠದ ಅಡಿಯಲ್ಲಿ ನೆಲಮಾಳಿಗೆ ಉಂಟು. ಅದರಲ್ಲಿ ಸತ್ತವರನ್ನು ಒಣಗಿಸಿ, ಅಂಗಿ ಹಾಕಿ, ಗೋಡೆಗೆ ಸಾಲಾಗಿ ನಿಲ್ಲಿಸಿದ್ದಾರೆ. ಎಷ್ಟೋ ಕಾಲದ ಹಿಂದಿನವರು. ಆಫೀಸಲ್ಲಿ ಊಟದ ಹೊತ್ತಿಗೆ ಫೋನಲ್ಲಿ ನೋಡಿದೆ."

ನನ್ನ ಮಗಳು ಮೊಬೈಲಿನಿಂದ ಕಣ್ಣೆತ್ತಿ, "ಓ ಮೈ ಗಾಡ್, ಐ ವಾಂಟ್ ಟು ಗೋ" ಎಂದಳು. ಹೆಂಡತಿ ಬಂದ ವೇಗದಲ್ಲೇ ಅಡುಗೆಮನೆಗೆ ವಾಪಸಾದಳು.

"ಊಟದ ಹೊತ್ತಿಗೆ ಅದನ್ನು ನೋಡಿದ್ರಾ ಚಿಕ್ಕಮ್ಮ?" ಎಂದೆ.

"ಊಟಕ್ಕೂ ಅದಕ್ಕೂ ಎಂತ ಸಂಬಂಧ? ಅಷ್ಟು ಕಾಲ ಆದ್ಮೇಲೆ ಮುಖ ಮುಖವಾಗಿ ಉಳೀತದಾ ಅಂತ ನನಗೆ ನೋಡಬೇಕು. ಅಲ್ಲಿ ನೋಡಲಿಕ್ಕೆ ಯಾರೂ ಅಡ್ಡ ಬರುವುದಿಲ್ಲ."

ಆ ಕೊನೆಯ ಮಾತು ಕೇಳಿದ ಮೇಲೆ ನಾನು ಬೇಡ ಎನ್ನುವುದು ಹೇಗೆ? ಆದರೆ ಹೆಂಡತಿ ಸುಲಭಕ್ಕೆ ಬಿಡಲಿಲ್ಲ. ಅಲ್ಲಿ ಹೋಗಿ ಚಿಕ್ಕಮ್ಮ ಕುಸಿದುಬಿದ್ದರೆ ಎಂತ ಮಾಡುವುದು, ಆ ತಲೆಬುರುಡೆಗಳನ್ನು ನೋಡಿ ಚಿಕ್ಕಪ್ಪನ ನೆನಪಾಗಿ ಮನಸ್ಸು ಇನ್ನಷ್ಟು ಕೆಟ್ಟರೆ ಎಂತ ಗತಿ ಎಂದು ಅವಳ ಹೆದರಿಕೆ. ಆ ಹೆದರಿಕೆ ನನಗೂ ಇತ್ತು. ಸಾಲದ್ದಕ್ಕೆ, ಕುಸಿದುಬಿದ್ದರೆ ಎತ್ತಬೇಕಾದವನು ನಾನೇ, ಮತ್ತು ನಾನು ಅವರಿಗಿಂತ ಮೊದಲೇ ಕುಸಿದುಬೀಳುವವನು!

ಚಿಕ್ಕಮ್ಮನ ಬಾಸ್ ಒಬ್ಬ ವಯಸ್ಸಾದ ಕುವೈತಿ, ಸಜ್ಜನ. ರಜೆ ಕೇಳಲು ಹೋದಾಗ ಕಾರಣ ಕೇಳಿ ತಲೆಯ ಮೇಲಿನ ಬಟ್ಟೆಯನ್ನು ಎರಡು ಸಲ ಸರಿಮಾಡಿಕೊಂಡರಂತೆ. "ನಮ್ಮಲ್ಲಿ ಸತ್ತವರನ್ನು ಆದಷ್ಟು ಬೇಗ ಮಣ್ಣು ಮಾಡುತ್ತೇವೆ. ನೀನು ವಿಮಾನ ಹತ್ತಿ ಹೋಗಿ ಮಣ್ಣು ಮಾಡದವರನ್ನು ನೋಡುವೆಯಾ?" ಎಂದರಂತೆ.

"ನೀವು ಅವಸರ ಮಾಡ್ತೀರಿ ಬಾಸ್. ನಮಗೆ ನೋಡಬೇಕು" ಎಂದು ಚಿಕ್ಕಮ್ಮ ಹೇಳಿದರಂತೆ. ಬಾಸ್ ರಜೆಯ ಅರ್ಜಿಯನ್ನು ಎಳೆದುಕೊಂಡು, "ಖಲಾಸ್, ಆಯಿತು, ಹೋಗಿ ಬಾ. ನನಗೆ ಮಾತ್ರ ಫೋಟೋ ತೋರಿಸಬೇಡ" ಎಂದು ರಜೆ ಕೊಟ್ಟರು.

ವೀಸಾ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ನಾನು ಚಿಕ್ಕಮ್ಮನಿಗೆ ಪಾಠ ಹೇಳಿಕೊಟ್ಟಿದ್ದೆ. ಯಾಕೆ ಹೋಗುತ್ತೀರಿ ಎಂದು ಕೇಳಿದರೆ ಪ್ರವಾಸ ಎನ್ನಿ, ಇಗರ್ಜಿ ನೋಡಲಿಕ್ಕೆ ಎನ್ನಿ. ಕಿಟಕಿಯ ಆಚೆ ಕೂತ ಹುಡುಗಿ ಕೇಳಿದಳು. ಚಿಕ್ಕಮ್ಮ ಸ್ಪಷ್ಟವಾದ ಇಂಗ್ಲಿಷಿನಲ್ಲಿ, "ಸತ್ತವರನ್ನು ನೋಡಲಿಕ್ಕೆ" ಎಂದರು. "ನಿಮ್ಮ ಸಂಬಂಧಿಕರೇ?" ಎಂದು ಅವಳು ಪಾಪ ಮರುಗಿ ಕೇಳಿದಳು. "ಅಲ್ಲ, ಪರಿಚಯವೇ ಇಲ್ಲ." ಇಬ್ಬರ ವೀಸಾವೂ ಹೋಯಿತೆಂದು ನಾನು ಹಣೆ ಚಚ್ಚಿಕೊಂಡೆ. ಕೊನೆಗೆ ಆದದ್ದೇನು ಗೊತ್ತೇ? ಅವರ ವೀಸಾ ಮೊದಲು ಬಂತು. ಬರೀ 'ಪ್ರವಾಸ' ಎಂದ ನನ್ನ ಮೇಲೆಯೇ ಕಚೇರಿಯವರಿಗೆ ಅನುಮಾನ ಬಂದಂತಿತ್ತು!

ಇಲ್ಲಿ ನನ್ನ ಸ್ವಾರ್ಥವನ್ನೂ ಹೇಳಿಬಿಡುವುದು ಒಳ್ಳೆಯದು. ಕುವೈತಿನಲ್ಲಿ ಹಂದಿಮಾಂಸ ಸಿಗುವುದಿಲ್ಲ, ತರುವ ಹಾಗೂ ಇಲ್ಲ. ಮಂಗಳೂರಿನ ಕ್ರಿಶ್ಚಿಯನ್ನನಿಗೆ ಇದಕ್ಕಿಂತ ದೊಡ್ಡ ವನವಾಸ ಬೇರೆ ಬೇಕೇ? ಚಿಕ್ಕಮ್ಮ ಪಲೆರ್ಮೊಗೆ ಮುಖ ನೋಡಲು ಹೊರಟರೆ ನಾನು ಹೊರಟದ್ದು ಹಂದಿ ತಿನ್ನಲು.

ಮಗಳಿಗೆ ಪರೀಕ್ಷೆ ಇದ್ದುದರಿಂದ ಹೋದದ್ದು ನಾವಿಬ್ಬರೇ. ಪಲೆರ್ಮೊ ತಲುಪಿದ ಮರುದಿನ, ದಾರಿಯಲ್ಲಿದ್ದ ಒಂದು ಇಗರ್ಜಿಗೂ ತಿರುಗದೆ ಚಿಕ್ಕಮ್ಮ ನೇರ ಮಠದ ಬಾಗಿಲಿಗೆ ನಡೆದರು. ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ಮುಚ್ಚಿ ಮೂರು ಗಂಟೆಗೆ ತೆರೆಯುತ್ತಾರಂತೆ.

"ಹೋಟೆಲಿಗೆ ಹೋಗಿ ಮಲಗಿ ಬರುವ ಚಿಕ್ಕಮ್ಮ" ಎಂದೆ.

"ನೀನು ಹೋಗು. ಒಮ್ಮೆ ಬಾಗಿಲು ಮುಚ್ಚಿದ್ರು ಅಂತ ಮನೆಯಲ್ಲಿ ಕೂತದ್ದಕ್ಕೆ ಆದದ್ದು ಸಾಕು" ಎಂದು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಹೋಟೆಲಿನಿಂದ ಕಟ್ಟಿಕೊಂಡು ತಂದಿದ್ದ ಬ್ರೆಡ್ಡು ಬಿಚ್ಚಿ ತಿನ್ನತೊಡಗಿದರು. ನಾನು ಹತ್ತಿರದ ಮಾಂಸದಂಗಡಿಗೆ ಹೋದೆ. ಮಾಡಿನಿಂದ ಸಾಲಾಗಿ ಹಂದಿತೊಡೆಗಳನ್ನು ತೂಗುಹಾಕಿದ್ದರು. ಒಣಗಿ, ಕಂದುಬಣ್ಣಕ್ಕೆ ತಿರುಗಿ, ಆಹಾ! ಸಂಜೆ ಬಂದು ಕೊಳ್ಳುತ್ತೇನೆಂದು ಅಂಗಡಿಯವನಿಗೆ ಕೈಸನ್ನೆ ಮಾಡಿ, ಬಾಯಲ್ಲಿ ನೀರು ತುಂಬಿಕೊಂಡು ಮರಳಿದೆ.

ಬಾಗಿಲು ತೆರೆಯಿತು. ಮೆಟ್ಟಿಲಿಳಿದು ಕೆಳಗೆ ಹೋದೆವು. ಅಲ್ಲಿಯೂ ಸಾಲಾಗಿ ತೂಗುಹಾಕಿದ್ದರು. ಒಣಗಿ, ಕಂದುಬಣ್ಣಕ್ಕೆ ತಿರುಗಿ. ಇನ್ನು ಹೆಚ್ಚು ಹೇಳುವುದು ಬೇಡ. ಅಂದಿನಿಂದ ನಾನು ಕೋಳಿಗೇ ತೃಪ್ತ.

ಉದ್ದುದ್ದ ಓಣಿಗಳು, ತಂಪು, ಧೂಳಿನ ವಾಸನೆ. ಎರಡೂ ಕಡೆ ಗೋಡೆಗಳಲ್ಲಿ ಜನವೋ ಜನ. ಸನ್ಯಾಸಿಗಳಿಗೊಂದು ಓಣಿ, ಹೆಂಗಸರಿಗೊಂದು ಓಣಿ, ದೊಡ್ಡ ಹುದ್ದೆಯವರಿಗೆ ಬೇರೆಯೇ ಓಣಿ! ಕೋಟು, ಗೌನು, ಕೈಗವಸು, ಟೊಪ್ಪಿ ಎಲ್ಲ ಉಂಟು. ಒಳಗಿನ ಮನುಷ್ಯ ಮಾತ್ರ ಅಷ್ಟಿಷ್ಟು. ಕೆಲವರ ಬಾಯಿ ತೆರೆದಿತ್ತು, ಕೆಲವರ ತಲೆ ಪಕ್ಕದವರ ಹೆಗಲಿಗೆ ವಾಲಿತ್ತು. ನಾನು ನೆಲ ನೋಡಿಕೊಂಡು ನಡೆದೆ. ಚಿಕ್ಕಮ್ಮ ಒಂದೊಂದು ಮುಖದ ಮುಂದೆಯೂ ನಿಂತರು. ಒಬ್ಬರನ್ನೂ ಬಿಡಲಿಲ್ಲ.

"ಈ ಪಾದ್ರಿ ಪ್ರಸಂಗ ಮುಗಿಸದೆ ಸತ್ತದ್ದು ಕಾಣ್ತದೆ, ಬಾಯಿ ನೋಡು. ಇವರ ಕೋಟಿನ ಗುಂಡಿ ಯಾರೂ ಹಾಕಿಲ್ಲ, ಹೆಂಡತಿ ಮೊದಲೇ ಹೋಗಿರಬೇಕು. ಇವಳಿಗೆ ಈ ಬಣ್ಣ ಆಗುವುದಿಲ್ಲ."

"ಚಿಕ್ಕಮ್ಮ, ಬೇಗ ಬೇಗ ನೋಡುವ" ಎಂದು ಬೇಡಿಕೊಂಡೆ.

"ಇವರಿಗೆ ಅವಸರ ಉಂಟಾ? ಇಲ್ಲ. ನನಗೆ ಉಂಟಾ? ಇಲ್ಲ. ಮತ್ತೆ ನಿನಗೆಂತ?"

ಕೊನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಮಗುವಿತ್ತು. ತಲೆಗೆ ರಿಬ್ಬನ್ನು, ಹಣೆಯ ಮೇಲೆ ಕೂದಲು, ಈಗಷ್ಟೇ ನಿದ್ದೆ ಹೋದಂತೆ ಮುಖ. ಪ್ರವಾಸಿಗಳೆಲ್ಲ ಅಲ್ಲೇ ಮುತ್ತಿದ್ದರು. ಮುಖ ಉಳಿದಿದ್ದುದು ಆ ಒಂದು ಮಗುವಿಗೆ ಮಾತ್ರ. ಚಿಕ್ಕಮ್ಮ ಇಣುಕಿ ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದರು: "ಇದರ ಅಪ್ಪ ಅಮ್ಮ ಎಲ್ಲಿ? ಮಗುವನ್ನು ಇಷ್ಟು ಚೆಂದ ಉಳಿಸಿಕೊಂಡು ಅವರು ಹೋದರಲ್ಲ. ಈಗ ಇದನ್ನು ನೋಡ್ಲಿಕ್ಕೆ ಯಾರು ಇದ್ದಾರೆ?"

ಅಲ್ಲಿಂದ ಹೊರಡುವಾಗ ಒಬ್ಬ ಗಂಡಸಿನ ಮುಂದೆ ಅವರು ಮತ್ತೆ ನಿಂತರು. ಒಳ್ಳೆಯ ಕರಿಕೋಟು. ಕೋಟಿನ ಮೇಲೆ ಬರೀ ಎಲುಬು. ಮೂಗಿಲ್ಲ, ತುಟಿಯಿಲ್ಲ, ಯಾರೆಂದು ಹೇಳುವ ಯಾವ ಗುರುತೂ ಇಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಹೊರಟುಹೋದರು. ಕಾವಲಿನವನು ಬಂದು ಹೊತ್ತಾಯಿತೆಂದು ಗಡಿಯಾರ ತೋರಿಸಿದ. ಚಿಕ್ಕಮ್ಮ ಕದಲಲಿಲ್ಲ. ಈಗ ಕುಸಿಯುತ್ತಾರೆ, ಈಗ ಕುಸಿಯುತ್ತಾರೆ ಎಂದು ನಾನು ಎರಡೂ ಕೈ ಚಾಚಿಕೊಂಡು ಅವರ ಹಿಂದೆ ನಿಂತೆ. ಅವರು ಕುಸಿಯಲಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು ನನಗಿಂತ ಮುಂಚೆ ಮೆಟ್ಟಿಲು ಹತ್ತಿದರು.

ಹೊರಗೆ ಒಳ್ಳೆಯ ಬಿಸಿಲಿತ್ತು. ಚಿಕ್ಕಮ್ಮ ಮಠದ ಗೋಡೆಗೆ ಕೈಯೂರಿ ನಿಂತುಕೊಂಡರು.

"ಉಳಿಯುವುದಿಲ್ಲ ಮಾರಾಯ" ಎಂದರು. "ಮದ್ದು ಹಾಕಿದ್ರೂ, ಕೋಟು ಹಾಕಿದ್ರೂ ಮುಖ ಉಳಿಯುವುದಿಲ್ಲ. ಈಗ ಅಗೆದು ತೋರಿಸಿದ್ರೂ ನನಗೆ ಅವರ ಗುರ್ತ ಸಿಗ್ಲಿಕ್ಕಿಲ್ಲ. ನಾನು ಇಷ್ಟು ವರ್ಷ ಆ ಮರಳಿನ ಹತ್ತಿರ ಎಂತದ್ದಕ್ಕೆ ಕಾದದ್ದು?"

ನಾನು ಏನಾದರೂ ತಮಾಷೆ ಹೇಳಿ ಅವರನ್ನು ನಗಿಸಬೇಕಿತ್ತು.

"ಇಲ್ಲಿ ಬಾ" ಎಂದರು. "ಬಿಸಿಲಿಗೆ ನಿಲ್ಲು. ಆ ಟೊಪ್ಪಿ ತೆಗೆ."

ತೆಗೆದೆ. ಚಿಕ್ಕಮ್ಮ ತಲೆಯೆತ್ತಿ ನನ್ನ ಮುಖವನ್ನು ನೋಡಿದರು. ಆಗ ನನಗೆ ಹೊಳೆಯಿತು, ಚಿಕ್ಕಪ್ಪ ಹೋದಂದಿನಿಂದ ಅವರು ಒಂದು ಸಲವೂ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಫ್ಯಾನು ನೋಡಿ ಮಾತಾಡಿದರು, ಗೋಡೆ ನೋಡಿ, ರಸ್ತೆ ನೋಡಿ ಮಾತಾಡಿದರು. ವಿಚಿತ್ರ ಹೆಂಗಸು ಎಂದು ನಾವು ನಕ್ಕು ಬಿಟ್ಟಿದ್ದೆವು. ನಾನು ಥೇಟ್ ಚಿಕ್ಕಪ್ಪನ ಹಾಗೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ಮೂಗು, ಅದೇ ಗಲ್ಲ, ಅದೇ ಹುಬ್ಬು.

ಅವರು ಹಣೆಯಿಂದ ಶುರುಮಾಡಿ ನಿಧಾನವಾಗಿ ನೋಡುತ್ತಾ ಬಂದರು. ಹೆಬ್ಬೆರಳಿನಿಂದ ನನ್ನ ಹಣೆಯ ಮೇಲೆ ಶಿಲುಬೆ ಎಳೆದರು. "ಚೆಂದ ಉಂಟು" ಎಂದರು, ನನಗಲ್ಲ. ನನ್ನ ಕಣ್ಣು ತುಂಬಿಬಂತು. ಹಲ್ಲು ಕಚ್ಚಿ ತಡೆದುಕೊಂಡೆ. ಅತ್ತರೆ ಮುಖ ಕೆಡುತ್ತದೆ, ಚಿಕ್ಕಮ್ಮ ಇನ್ನೂ ನೋಡುತ್ತಿದ್ದರು.